ಗ್ಯಾರೇಜಿನ ಟ್ಯೂಬ್‌ಲೈಟು

ಸಂಜೆ ಮನೆಯ ಮೊದಲ ದೀಪದ ಸ್ವಿಚ್ಚು ಒತ್ತಿದ ಮರುಕ್ಷಣವೇ ನನ್ನ ಎರಡೂ ಕೈಗಳು, ನನ್ನ ಅಪ್ಪಣೆಗೂ ಕಾಯದೆ, ಎದೆಯ ಹತ್ತಿರ ಬಂದು ಜೋಡಿಸಿಕೊಂಡುಬಿಡುತ್ತವೆ. ಇದರಲ್ಲಿ ಭಕ್ತಿಯ ಪಾಲೆಷ್ಟು, ಅಭ್ಯಾಸಬಲದ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಮಾತನ್ನು ಹವಾಮಾನದ ಕಡೆಗೆ ತಿರುಗಿಸುತ್ತೇನೆ. ಮೆಲ್ಬರ್ನಿನಲ್ಲಿ ಆ ವಿಷಯಕ್ಕೆ ಎಂದೂ ಬರವಿಲ್ಲ. ನಾನು ಬೆಳೆದ ತುಮಕೂರಿನ ಮನೆಯಲ್ಲಿ ನಡುಮನೆಯ ನಲವತ್ತು ಕ್ಯಾಂಡಲ್ ಬಲ್ಬಿಗೂ ಈ ಮರ್ಯಾದೆ ಸಲ್ಲುತ್ತಿತ್ತು, ಕರೆಂಟು ಹೋಗಿ ಬಂದರೆ ಮತ್ತೊಮ್ಮೆ ಸಲ್ಲುತ್ತಿತ್ತು. ನಿಮ್ಮ ಕೈಗಳಿಗೂ ಈ ಚಾಳಿ ಇದ್ದೀತು. ಇದ್ದರೆ ನಾನು ಹೇಳಹೊರಟಿರುವುದು ನಿಮಗೆ ಸಲೀಸಾಗಿ ಅರ್ಥವಾಗುತ್ತದೆ.

ಆಸ್ಟ್ರೇಲಿಯಾಕ್ಕೆ ಬಂದಮೇಲೆ ಈ ಚಾಳಿಗೆ ಹಲವು ಪರೀಕ್ಷೆಗಳು ಎದುರಾದವು. ಬೇಸಿಗೆಯಲ್ಲಿ ಇಲ್ಲಿಯ ಸೂರ್ಯ ನಮ್ಮ ಊಟ ಮುಗಿದು ಪಾತ್ರೆ ತೊಳೆದಾದರೂ ಹೊರಡುವ ಸೂಚನೆ ಕೊಡುವುದಿಲ್ಲವಾದ್ದರಿಂದ ಮುಸ್ಸಂಜೆ ಯಾವುದು, ಮಲಗುವ ಹೊತ್ತು ಯಾವುದು ಎಂಬುದೇ ಜಿಜ್ಞಾಸೆ. ಡಾಕ್‌ಲ್ಯಾಂಡ್ಸಿನ ನನ್ನ ಆಫೀಸಿನಲ್ಲಂತೂ ಸೆನ್ಸರ್ ದೀಪಗಳು. ಕೆಳಗೆ ಯಾರೂ ಅಲುಗಾಡದಿದ್ದರೆ ಆಳೇ ಇಲ್ಲವೆಂದು ತೀರ್ಮಾನಿಸಿ ತಾವಾಗಿಯೇ ಆರಿಬಿಡುತ್ತವೆ. ನನ್ನ ಕಾರ್ಯತತ್ಪರತೆಯ ಬಗ್ಗೆ ಅವುಗಳ ಅಭಿಪ್ರಾಯ ನನ್ನ ಮ್ಯಾನೇಜರನ ಅಭಿಪ್ರಾಯಕ್ಕೆ ಬಹಳ ಹತ್ತಿರದ್ದು. ಚಳಿಗಾಲದ ಸಂಜೆ ನಾನು ತಲೆಯ ಮೇಲೆ ಕೈ ಬೀಸುವುದು, ದೀಪ ಹತ್ತುವುದು, ನಾನು ಕೈಮುಗಿಯುವುದು, ಇವಿಷ್ಟೂ ಪಕ್ಕದ ಮೇಜಿನ ಬ್ರಯಾನನ ಕಣ್ಣಿಗೆ ಒಂದು ಸಂಪೂರ್ಣ ಪೂಜಾವಿಧಿಯಾಗಿ ಕಂಡಿರಬೇಕು. ಒಮ್ಮೆ ಅವನೂ ಕೈ ಬೀಸಿ, ದೀಪ ಬಂದಾಗ ನನ್ನ ಕಡೆ ನೋಡಿ, ತಾನೂ ಸಂಕೋಚದಿಂದ ಕೈಮುಗಿದ. ಮನೆಯಲ್ಲಿ ನನ್ನ ಮಗಳು ಅನಘಾ ಮಾತ್ರ ಚಿಕ್ಕವಳಿದ್ದಾಗಿನಿಂದ ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನ ದೀಪಕ್ಕೆ ಕೈಮುಗಿದು ನನ್ನನ್ನು ಅಣಕಿಸುತ್ತ ಬಂದವಳು.

ಆಗ ನಾವು ಸಿಡ್ನಿಯಲ್ಲಿದ್ದೆವು, ಪ್ಯಾರಮಟ್ಟಾದ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಕೋಣೆಕೋಣೆಗೂ ಸೂರಿಗೆ ಕವುಚಿದ ಒಂದೊಂದು ಗಾಜಿನ ಬಟ್ಟಲು, ಅದರೊಳಗೊಂದು ಮಂಕು ಬಲ್ಬು, ಬಲ್ಬಿನ ಸುತ್ತ ಹಿಂದಿನ ಬಾಡಿಗೆದಾರರ ಕಾಲದಲ್ಲಿ ದಿವಂಗತರಾದ ಹುಳುಗಳು. ಅಡುಗೆಮನೆಯಲ್ಲಿ ಮಾತ್ರ ಬೋಳು ಟ್ಯೂಬ್‌ಲೈಟೊಂದಿತ್ತು. ಊಟದ ಮೇಜು ಹಾಲಿನಲ್ಲಿದ್ದರೂ ನಾವು ಮೂವರೂ ಅಡುಗೆಮನೆಯ ಕಟ್ಟೆಗೆ ಒತ್ತಿಕೊಂಡೇ ಉಣ್ಣುತ್ತಿದ್ದೆವು. ಅನಘಾ ಸ್ಕೂಲಿನಲ್ಲಿ ನಡೆದದ್ದನ್ನೆಲ್ಲ, ನಡೆಯದ್ದನ್ನೂ ಸೇರಿಸಿ, ಬಾಯಲ್ಲಿ ಅನ್ನ ಇಟ್ಟುಕೊಂಡೇ ಹೇಳುತ್ತಿದ್ದಳು. ಆ ಟ್ಯೂಬ್‌ಲೈಟಿಗೆ ಗುಂಯ್ ಎನ್ನುವ ಗೊಣಗಾಟವೊಂದಿತ್ತು ಎಂದು ನನ್ನ ಹೆಂಡತಿ ಸುಮಾ ಈಗಲೂ ಹೇಳುತ್ತಾಳೆ. ನನಗೆ ಅದು ಕೇಳಿಸಿದ ನೆನಪಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೆಲಸ ಮೆಲ್ಬರ್ನಿಗೆ ವರ್ಗವಾಗಿ, ಊರಂಚಿನ ವೆರಿಬೀಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಲು ಹೊರಟಾಗ ನನಗೆ ಬೆಳಕಿನ ಹುಚ್ಚು ಹಿಡಿಯಿತು. ಹಿಡಿಸಿದವನು ಇದೇ ಬ್ರಯಾನ್. ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ಸೂರಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿರಲಿಲ್ಲ. ಮೂಲೆಗೊಂದು ಪುಟ್ಟ ಲ್ಯಾಂಪು, ಮೇಜಿನ ಮೇಲೆ ಎರಡು ಮೇಣದ ಬತ್ತಿ, ಉಳಿದಂತೆ ಎಲ್ಲೆಲ್ಲೂ ಜೇನುಬಣ್ಣದ ಮಬ್ಬು. ಇದಲ್ಲವೇ ಸಂಸ್ಕಾರ, ಬೆಳಕನ್ನು ಹೀಗೆ ಹಿತಮಿತವಾಗಿ ಬಡಿಸಬೇಕಲ್ಲದೆ ನಮ್ಮವರಂತೆ ಸುರಿಯುವುದೇ ಎಂದು ನಾನು ಪುಳಕಿತನಾದೆ. ಕಾರು ಹತ್ತಿದೊಡನೆ ಸುಮಾ ಅಂದಳು: “ಆ ಕತ್ಲಲ್ಲಿ ಏನ್ ಬಡಿಸಿದ್ರೋ ಒಂದೂ ಕಾಣ್ಲಿಲ್ಲ ರೀ. ನಾನು ತಿಂದಿದ್ದು ಬದನೆಕಾಯೇ ತಾನೆ?” ಬದನೆಕಾಯಿಯೇ ಎಂದು ನಾನು ಧೈರ್ಯ ಹೇಳಿದೆ. ನನಗೂ ಖಾತ್ರಿಯಿರಲಿಲ್ಲ.

ಅಲ್ಲಿಂದ ಮುಂದೆ ಲೈಬ್ರರಿಯ ಗೃಹಾಲಂಕಾರದ ಮ್ಯಾಗಜೀನುಗಳೆಲ್ಲ ನನ್ನ ಸ್ವಾಧ್ಯಾಯಕ್ಕೆ ಒಳಗಾದವು. ಒಂದೊಂದು ಕೋಣೆಗೂ ಮೂರು ಬಗೆಯ ಬೆಳಕು ಬೇಕು ಎಂದು ಅವು ಬೋಧಿಸಿದವು: ಇಡೀ ಕೋಣೆಗೆ ಹಬ್ಬುವುದೊಂದು, ಕೆಲಸಕ್ಕೆ ಒದಗುವುದೊಂದು, ಬರೀ ಚೆಲುವಿಗಾಗಿ ಇರುವುದೊಂದು. ಅದ್ವೈತದಲ್ಲಿ ಹುಟ್ಟಿ ಬೆಳೆದ ನಾನು, ಒಂದು ಕೋಣೆಗೆ ಒಂದೇ ದೀಪವೆಂಬ ಮನೆತನದ ಸಿದ್ಧಾಂತವನ್ನು ತೊರೆದು, ಈ ತ್ರಿಮತಕ್ಕೆ ಶರಣಾದೆ.

ಮನೆ ಕಟ್ಟುವ ಕಂಪನಿಯವರು ನಮ್ಮನ್ನು ಕರೆಸಿ, ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಎಲ್ಲೆಲ್ಲಿ ದೀಪ, ಎಲ್ಲೆಲ್ಲಿ ಸ್ವಿಚ್ಚು ಎಂದು ಗುರುತು ಹಾಕಿಸಿಕೊಂಡರು. ಕ್ರಿಸ್ಟೀನಾ ಎಂಬ ಹುಡುಗಿ ಪೆನ್ಸಿಲ್ಲಿನಿಂದ ಪುಟ್ಟ ಪುಟ್ಟ ಸೊನ್ನೆಗಳನ್ನು ಬರೆಯುತ್ತ ಹೋದಳು. ಸುಮಾ ಕೇಳಿದ್ದು ಒಂದೇ: ಅಡುಗೆಮನೆಗೆ ಮತ್ತು ಊಟದ ಜಾಗಕ್ಕೆ ಟ್ಯೂಬ್‌ಲೈಟು. ಕ್ರಿಸ್ಟೀನಾ ತುಂಬ ಸೌಜನ್ಯದಿಂದ, ಟ್ಯೂಬ್‌ಲೈಟು ಗ್ಯಾರೇಜಿಗೆ ಇದ್ದೇ ಇರುತ್ತದೆ, ಅದು ಸ್ಟ್ಯಾಂಡರ್ಡ್ ಎಂದಳು. ಊಟದ ಮೇಜಿಗೆ ಎಂದು ಸುಮಾ ಮತ್ತೆ ಹೇಳಿದಳು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಮ್ಯಾಗಜೀನಿನ ಪುಟವೊಂದನ್ನು ತೆಗೆದು ತೋರಿಸಿದೆ. ಹಾಗಾಗಿ ಟ್ಯೂಬ್‌ಲೈಟು ಗ್ಯಾರೇಜಿಗೆ ಹೋಯಿತು.

ಗೃಹಪ್ರವೇಶವಾಯಿತು. ಹಾಲಿನ ಗೋಡೆಯ ಮೇಲೆ ಚಿತ್ರಪಟವೊಂದನ್ನು ಬೆಳಗಲೆಂದು ಓರೆಯಾಗಿ ಕೂರಿಸಿದ್ದ ದೀಪಕ್ಕೆ, ನಮ್ಮಲ್ಲಿ ಚಿತ್ರಪಟ ಇರಲಿಲ್ಲವಾಗಿ, ಊರಿನಿಂದ ಬಂದ ತೂಗುಹಾಕುವ ಕ್ಯಾಲೆಂಡರು ಸಿಕ್ಕಿತು. ಸಂಕಷ್ಟಹರ ಚತುರ್ಥಿ, ಏಕಾದಶಿಗಳು ಮ್ಯೂಸಿಯಮ್ಮಿನ ವೈಭವದಲ್ಲಿ ಶೋಭಿಸಿದವು. ಬಟ್ಟೆಬರೆ ಇಡುವ ಗೂಡನ್ನು ದೇವರ ಮನೆ ಮಾಡಿ ಅದರೊಳಗೆ ಹಾಕಿಸಿದ ಹ್ಯಾಲೊಜನ್ ದೀಪದ ಕಾವಿಗೆ ಬೆಳಿಗ್ಗೆ ಏರಿಸಿದ ಹೂವು ಮಧ್ಯಾಹ್ನದೊಳಗೆ ಹಪ್ಪಳವಾಗುತ್ತಿತ್ತು. ಅಲ್ಲಿಟ್ಟ ತುಪ್ಪ ಮಾತ್ರ ಎಂಥ ಚಳಿಯಲ್ಲೂ ಗಟ್ಟಿಯಾಗಲಿಲ್ಲ. ಮಲಗುವ ಕೋಣೆಯ ಬೆಳಕು ಎಷ್ಟು ಮೃದುವಾಗಿತ್ತೆಂದರೆ, ಸೀರೆ ಕಪ್ಪೋ ಕಡುನೀಲಿಯೋ ಎಂದು ತಿಳಿಯಲು ಸುಮಾ ಅದನ್ನು ಹೆಗಲಿಗೆ ಹಾಕಿಕೊಂಡು ಗ್ಯಾರೇಜಿಗೆ ಹೋಗಿಬರುತ್ತಿದ್ದಳು.

ನನ್ನ ಹೆಮ್ಮೆಯ ಕೃತಿಯೆಂದರೆ ಊಟದ ಮೇಜಿನ ದೀಪ. ಸೂರಿನಿಂದ ಕೆಳಗೆ ಇಳಿಬಿಟ್ಟ, ತಾಮ್ರದ ಟೋಪಿಯ ತೂಗುದೀಪ. ಬೆಳಕೆಲ್ಲ ಮೇಜಿನ ನಡುವೆ ದುಂಡಗೆ ಬೀಳುತ್ತಿತ್ತು. ಸಾರಿನಲ್ಲಿ ತೇಲುವ ಕರಿಬೇವಿನ ಎಸಳಿನ ನರಗಳು ಕೂಡ ಸ್ಪಷ್ಟ. ಆ ಪ್ರಭಾವಲಯದ ಆಚೆ ಕೂತ ನಾವು ಮೂವರು ಮಾತ್ರ ಕುತ್ತಿಗೆಯಿಂದ ಮೇಲೆ ನೆರಳಿನಲ್ಲಿರುತ್ತಿದ್ದೆವು. ಬಂದವರೆಲ್ಲ ಆ ದೀಪವನ್ನು ಹೊಗಳಿದರು, ನಾನು ವಿನಯದಿಂದ ತಲೆ ತಗ್ಗಿಸಿದೆ.

ಆದರೆ ಹೊಸ ಮನೆಗೆ ಬಂದಮೇಲೆ ನಮ್ಮ ಮನೆಯವರ ಮಾತೇಕೋ ಕೆಟ್ಟಿತು. ಸುಮಾ ಮಾತು ನುಂಗುತ್ತಾಳೆ, ಅನಘಾ ಗೊಣಗುತ್ತಾಳೆ ಎಂದು ನನಗನ್ನಿಸತೊಡಗಿತು. ಎತ್ತರದ ಸೂರು ಕಾರಣವಿರಬಹುದು ಎಂದುಕೊಂಡೆ. ಕಾರ್ಪೆಟ್ಟು ಶಬ್ದವನ್ನು ಹೀರುತ್ತದೆ ಎಂದು ಎಲ್ಲೋ ಓದಿ, ಅದಿರಬಹುದೆಂದುಕೊಂಡೆ. ಅನಘಾ ಹೈಸ್ಕೂಲು ಸೇರಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ, ಅದೂ ತುಟಿ ಬಿಚ್ಚುವುದೇ ದುಬಾರಿ ಎಂಬಂಥ ಇಲ್ಲಿಯ ಇಂಗ್ಲಿಷಿನಲ್ಲಿ ಉತ್ತರಿಸುವ ವಯಸ್ಸು ಅವಳದು. “ಏನಂದೆ?” ಎಂದು ನಾನು ಕೇಳಿದರೆ ಮೊದಲು ಇನ್ನೊಮ್ಮೆ ಹೇಳುತ್ತಿದ್ದಳು. ಆಮೇಲಾಮೇಲೆ “ನೆವರ್ ಮೈಂಡ್” ಎನ್ನುತ್ತಿದ್ದಳು. ಓದುಗರೇ, ಮಕ್ಕಳ ಬಾಯಲ್ಲಿ ಅಪ್ಪನಾದವನು ಕೇಳಬಾರದ ಮಾತುಗಳಲ್ಲಿ ಇದಕ್ಕೆ ನಾನು ಬಹಳ ಮೇಲಿನ ಸ್ಥಾನ ಕೊಡುತ್ತೇನೆ. ಅದನ್ನು ತಪ್ಪಿಸಿಕೊಳ್ಳಲು ಒಂದು ಉಪಾಯವನ್ನೂ ಕಂಡುಕೊಂಡಿದ್ದೆ: ಅವಳು ಹೇಳುತ್ತಿರುವಾಗ ಮುಗುಳ್ನಗುತ್ತ ತಲೆಯಾಡಿಸುವುದು, ಮುಗಿಸಿದಳೆನಿಸಿದಾಗ “ವೆರಿ ಗುಡ್” ಎನ್ನುವುದು.

ಒಂದು ಸಂಜೆ ತೂಗುದೀಪದ ಕೆಳಗೆ ಅವಳು ಏನೋ ಹೇಳಿದಳು. ಎಂದಿಗಿಂತ ಮೆಲ್ಲಗೆ, ತಟ್ಟೆ ನೋಡುತ್ತ. ನಾನು ನಕ್ಕು, ತಲೆಯಾಡಿಸಿ, ವೆರಿ ಗುಡ್ ಎಂದೆ. ಅವಳು ಚಮಚ ಕೆಳಗಿಟ್ಟು, ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುಮಾ ನನ್ನನ್ನೇ ನೋಡುತ್ತ ಕೂತಿದ್ದಳೆಂದು ಕಾಣುತ್ತದೆ, ನೆರಳಿನಲ್ಲಿ ಮುಖ ತಿಳಿಯಲಿಲ್ಲ.

“ಜೆಸ್ ಪರ್ತ್‌ಗೆ ಹೊರಟುಹೋಗ್ತಿದಾಳಂತೆ ರೀ,” ಎಂದಳು ಹತ್ತಿರ ಬಂದು. “ಅವಳಿಗಿರೋದೇ ಒಬ್ಬಳು ಫ್ರೆಂಡು. ಅದಕ್ಕೆ ನೀವು ವೆರಿ ಗುಡ್ ಅಂದ್ರಿ.”

ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ಒಳಗಿನಿಂದ ಏನಾದರೂ ಹೇಳಿದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವಳಿಗೆ ನನ್ನಿಂದ ಬೇಕಾದದ್ದೆಲ್ಲ ಅಮ್ಮನ ಮೂಲಕ ಬರತೊಡಗಿತು. ಮಗಳು ಒಂದೇ ಮೇಜಿನಲ್ಲಿ ಎದುರು ಕೂತು ಉಣ್ಣುತ್ತಿರುವಾಗಲೇ ಅವಳನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬ ಭಯ ನನ್ನನ್ನು ಹಿಡಿಯಿತು. ಹರೆಯವೆಂದರೆ ಹೀಗೇ ಎಂದು ಗೆಳೆಯರು ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಒಗ್ಗಲಿಲ್ಲ.

ಇನ್ನು ಗ್ಯಾರೇಜಿನ ವಿಷಯ. ನಮ್ಮ ಸಬರ್ಬಿನಲ್ಲಿ ಗ್ಯಾರೇಜು ಇರುವುದು ಕಾರಿಗೆಂದು ನಂಬಿದವರು ನಮ್ಮವರಲ್ಲಿ ಯಾರೂ ಇಲ್ಲ. ಹೊಸ ಕಾರ್ಪೆಟ್ಟಿಗೆ, ಪರದೆಗೆ ಒಗ್ಗರಣೆಯ ವಾಸನೆ ಹತ್ತೀತೆಂದು ಎಲ್ಲರ ಗ್ಯಾರೇಜಿನಲ್ಲೂ ಒಂದು ಗ್ಯಾಸ್ ಒಲೆ, ಬಾಣಲೆ, ಅಕ್ಕಿಯ ಚೀಲ. ಕಾರು ಪಾಪ ಹೊರಗೆ ಮಂಜಿನಲ್ಲಿ ನೆನೆಯುತ್ತ ನಿಂತಿರುತ್ತದೆ. ಕರಿಯುವುದು, ಹುರಿಯುವುದು ಎಲ್ಲ ಅಲ್ಲಿಯೇ. ಶನಿವಾರದ ಸಂಜೆ ಸುಮಾ ಅಲ್ಲಿ ಬಜ್ಜಿ ಕರಿದರೆ, ಬಾಣಲೆಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ನಡುವೆ ತಡವಾಗಬಾರದೆಂದು ನಾನೂ ಅನಘಾಳೂ ಅಕ್ಕಿ ಚೀಲಕ್ಕೆ ಒರಗಿ ಕಾಯುತ್ತಿದ್ದೆವು. ಮುನಿಸಿಕೊಂಡ ಮಗಳೂ ಈರುಳ್ಳಿ ಬಜ್ಜಿಯ ಎದುರಿಗೆ ವ್ರತಭಂಗ ಮಾಡಿಕೊಂಡು ಬರುತ್ತಿದ್ದಳು. ವಿಚಿತ್ರವೆಂದರೆ ಅಲ್ಲಿ ಅವಳು ಹೇಳಿದ್ದು ನನಗೆ ತಿಳಿಯುತ್ತಿತ್ತು. ವಿಜ್ಞಾನದ ಟೀಚರರ ನಾಯಿಯ ಕಥೆಗೆ ನಾನು ನಗಬೇಕಾದಲ್ಲೇ ನಕ್ಕೆ. ಅವಳು ನನ್ನ ಕಡೆಗೆ ಆಶ್ಚರ್ಯದಿಂದ ನೋಡಿ, ಇನ್ನೊಂದು ಕಥೆ ಹೇಳಿದಳು. ಕಾಂಕ್ರೀಟಿನ ನೆಲವಿರುವುದರಿಂದ ಧ್ವನಿ ಪ್ರತಿಫಲಿಸಿ ಸ್ಪಷ್ಟವಾಗುತ್ತದೆ, ಕಾರ್ಪೆಟ್ಟಿನ ದೋಷ ಈಗಲಾದರೂ ಅರ್ಥವಾಯಿತೇ ಎಂದು ನಾನು ಇಬ್ಬರಿಗೂ ಉಪನ್ಯಾಸ ಕೊಟ್ಟೆ.

ಸುಮಾ ಉಪನ್ಯಾಸ ಕೇಳುವವಳಲ್ಲ, ನೋಡುವವಳು. ಮುಂದಿನ ಶನಿವಾರ ಅವಳು ನನಗೆ ಬೆನ್ನು ಮಾಡಿ ಬಾಣಲೆಯ ಕಡೆ ತಿರುಗಿ ಏನೇನೋ ಕೇಳಿದಳಂತೆ. ನಾನು ಹಾಯಾಗಿ ಬಜ್ಜಿ ತಿನ್ನುತ್ತಿದ್ದೆನಂತೆ. ನನ್ನ ಕಡೆ ತಿರುಗಿ ಅದನ್ನೇ ಕೇಳಿದಾಗ ತಟ್ಟನೆ ಉತ್ತರ ಕೊಟ್ಟೆನಂತೆ. ಆಗ ಅವಳು ಒಲೆ ಆರಿಸಿ, ಬಾಣಲೆಯ ಸದ್ದು ಅಡಗುವವರೆಗೆ ಕಾದು, ಅನಘಾಳ ಕಿವಿಯಲ್ಲಿ ಏನೋ ಹೇಳಿ, ಟ್ಯೂಬ್‌ಲೈಟು ಆರಿಸಿದಳು. ಗ್ಯಾರೇಜಿನ ಶಟರು ಮುಚ್ಚಿತ್ತು. ಕತ್ತಲೆಯಲ್ಲಿ ಅನಘಾಳ ದನಿ ಬಂತು, ಬಂತು ಎನ್ನುವಷ್ಟು ಮಾತ್ರ. ಪದಗಳ ಅಂಚೆಲ್ಲ ಸವೆದುಹೋದ, ಗೋಡೆಯಾಚೆಯ ರೇಡಿಯೋದ ಸದ್ದು. ಇಂಥ ಜಾಗದಲ್ಲಿ ಇಂಥ ಹೊತ್ತಿನಲ್ಲಿ, ಇನ್ನೊಂದು ಬಜ್ಜಿ ಬೇಕೇ ಎಂದಲ್ಲದೆ, ಯಾರಾದರೂ ಏನು ಕೇಳಿಯಾರು?

“ಸಾಕಮ್ಮ, ಹೊಟ್ಟೆ ತುಂಬ್ತು,” ಎಂದೆ.

ದೀಪ ಹತ್ತಿತು. ನಾನು ಅಭ್ಯಾಸದಂತೆ ಕೈಮುಗಿದೆ. ಕೈ ಇಳಿಸಿ ನೋಡಿದರೆ ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ರೀ,” ಎಂದಳು ಸುಮಾ ನಿಧಾನವಾಗಿ, “ನಿಮಗೆ ಕಿವಿ ಸರಿಯಾಗಿ ಕೇಳ್ತಿಲ್ಲ. ನೀವು ಇಷ್ಟು ದಿನ ನಮ್ಮ ಬಾಯಿ ನೋಡ್ಕೊಂಡು ಉತ್ತರ ಕೊಡ್ತಿದೀರಿ. ಮುಖ ಕಾಣದೇ ಇದ್ರೆ ನಿಮಗೆ ಮಾತೇ ಇಲ್ಲ.”

ನಾನು ಪ್ರತಿಭಟಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅನಘಾ ಅಮ್ಮನ ತೋಳು ಹಿಡಿದು, “ಸೋ ಜೆಸ್ ವಿಷ್ಯ ಹೀ ಡಿಡಂಟ್ ಈವನ್ ಹಿಯರ್?” ಎಂದು ಕೇಳಿದಳು. ಸುಮಾ ಇಲ್ಲವೆಂದು ತಲೆಯಾಡಿಸಿದಳು. ಅಪ್ಪ ಕಿವುಡನೆಂದು ತಿಳಿದು ಅಷ್ಟೊಂದು ನೆಮ್ಮದಿಪಟ್ಟ ಮಗಳು ಲೋಕದಲ್ಲಿ ಇನ್ನೊಬ್ಬಳಿರಲಾರಳು. ಅವಳ ಮುಖ ಸಡಿಲಾಯಿತು, ಕಣ್ಣು ತುಂಬಿತು, ಮೂಗು ಕೆಂಪಾಯಿತು. ಎಲ್ಲವೂ ಆ ಬೋಳು ಬೆಳಕಿನಲ್ಲಿ ನನಗೆ ಕಂಡವು.

“ಈಗ ಕತ್ತಲಲ್ಲಿ ಏನು ಕೇಳಿದೆ?” ಎಂದೆ.

ಅವಳು ಟ್ಯೂಬ್‌ಲೈಟಿನ ಕೆಳಗೆ ಸರಿದು ನಿಂತು, ಒಂದೊಂದೇ ಪದ ಹುಡುಕಿ ಹುಡುಕಿ, ಎಷ್ಟೋ ಕಾಲದ ಮೇಲೆ ಕನ್ನಡದಲ್ಲಿ ಕೇಳಿದಳು: “ಅಪ್ಪಾ, ನಿಂಗೆ ನಾನು ಹೇಳೋದು ಇಷ್ಟ ಇಲ್ವಾ?”

ಅದಕ್ಕೆ ನಾನು ಹೊಟ್ಟೆ ತುಂಬಿತು ಎಂದಿದ್ದೆ. ಅವಳನ್ನು ಹತ್ತಿರ ಎಳೆದುಕೊಂಡೆ. ಬಹಳ ಇಷ್ಟ ಕಣೇ ಎಂದು ಹೇಳಿದೆ, ಸಾಕಷ್ಟು ಗಟ್ಟಿಯಾಗಿಯೇ ಹೇಳಿರಬೇಕು. ಕಿವಿ ಮಂದವಾದವರ ಪಿಸುಮಾತು ಪಕ್ಕದ ಮನೆಗೂ ತಲಪುತ್ತದೆ.

ಪರೀಕ್ಷೆಗಳಾದವು. ಡಾಕ್ಟರು ಈ ಮಂದತ್ವ ಹಲವು ವರ್ಷಗಳಿಂದ ಮೆಲ್ಲಗೆ ಬೆಳೆದುಬಂದದ್ದೆಂದರು. ಪ್ಯಾರಮಟ್ಟಾದ ಟ್ಯೂಬ್‌ಲೈಟು ಗೊಣಗುತ್ತಿದ್ದದ್ದು ನನಗೇಕೆ ಕೇಳಿಸಲಿಲ್ಲವೆಂದು ಆಗ ತಿಳಿಯಿತು. ನನ್ನ ಕಿವಿಗೊಂದು ಪುಟ್ಟ ಯಂತ್ರ ಬಂದು ಕೂತಿತು. ಅದು ಒಳ್ಳೆಯದೇ, ಆದರೆ ಅದಕ್ಕೆ ವಿವೇಚನೆ ಸಾಲದು. ಮಗಳ ಮಾತು, ಸ್ಟೀಲ್ ತಟ್ಟೆಯ ಸದ್ದು ಎರಡನ್ನೂ ಸಮಭಾವದಿಂದ ಎತ್ತಿಕೊಡುತ್ತದೆ. ಕಣ್ಣಿನ ನೆರವು ಈಗಲೂ ಬೇಕು.

ಆದ್ದರಿಂದ ಮನೆಯ ಬೆಳಕನ್ನು ಮತ್ತೆ ಯೋಜಿಸಬೇಕಾಯಿತು, ಈ ಬಾರಿ ಸುಮಾಳ ಮುಂದಾಳತ್ವದಲ್ಲಿ. ತಾಮ್ರದ ಟೋಪಿ ಇಳಿಯಿತು, ಊಟದ ಮೇಜಿಗೆ ಎಲ್ಲರ ಮುಖಕ್ಕೂ ಸಮನಾಗಿ ಹರಡುವ ಬಿಳಿಯ ಬೆಳಕು ಬಂತು. ಅಡುಗೆಮನೆಯಲ್ಲಿ ಕಟ್ಟೆಯ ಮೇಲಷ್ಟೇ ಬೀಳುತ್ತಿದ್ದದ್ದು ಒಲೆಯಿಂದ ಈಚೆ ತಿರುಗಿದವರ ಮುಖದ ಮೇಲೂ ಬೀಳುವಂತಾಯಿತು. ಕೋಣೆಯಿಂದ ಕೋಣೆಗೆ ಕೂಗುವ ನಮ್ಮ ಪದ್ಧತಿಯ ಸಲುವಾಗಿ ನಡುವಿನ ಓಣಿಗೂ ಒಂದು ದೀಪ ಬಂತು. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗುತ್ತದೆಂದು ಸೋಫಾ ದಿಕ್ಕು ಬದಲಿಸಿತು. ಹಾಲಿನ ಓರೆದೀಪ ಮಾತ್ರ ಕ್ಯಾಲೆಂಡರಿನ ಮೇಲೆಯೇ ಉಳಿಯಿತು, ಏಕಾದಶಿಗೆ ಅಷ್ಟಾದರೂ ಇರಲೆಂದು.

ಆ ಮ್ಯಾಗಜೀನುಗಳ ಮೇಲೆ ನನಗೆ ಸಿಟ್ಟಿಲ್ಲ. ಓದುವುದಕ್ಕೆ, ತರಕಾರಿ ಹೆಚ್ಚುವುದಕ್ಕೆ, ಗೋಡೆ ಚಂದ ಕಾಣುವುದಕ್ಕೆ ಎಲ್ಲೆಲ್ಲಿ ದೀಪ ಬೇಕೆಂದು ಅವು ಸರಿಯಾಗಿಯೇ ಹೇಳಿದ್ದವು. ಈ ಕೋಣೆಯಲ್ಲಿ ಯಾರು ಯಾರಿಗೆ ಏನು ಹೇಳಿಕೊಳ್ಳುತ್ತಾರೆ ಎಂದು ಮಾತ್ರ ಯಾವ ಪುಟವೂ ಕೇಳಿರಲಿಲ್ಲ. ನೀವು ಮನೆ ಕಟ್ಟಿಸುವವರಾದರೆ ನಕ್ಷೆಯ ಮೇಲೆ ಸೊನ್ನೆಗಳನ್ನು ಬರೆಸುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ. ಕಿವಿ ಚುರುಕಾಗಿರುವವರಿಗೂ, ಎದುರಿನವರ ಮುಖ ಕಂಡರೆ ನಷ್ಟವೇನಿಲ್ಲ.

ಅನಘಾ ತನ್ನದೇ ಒಂದು ಏರ್ಪಾಡು ಮಾಡಿಕೊಂಡಿದ್ದಾಳೆ. ನನ್ನ ಕಣ್ಣಿಗೆ ಹುಟ್ಟಿದಾಗಿನಿಂದ ಪರಿಚಯವಿರುವುದು ಕನ್ನಡ ಆಡುವ ತುಟಿಗಳು, ಇಂಗ್ಲಿಷಿನ ತುಟಿಗಳಲ್ಲಿ ನಾನು ಎಡವುತ್ತೇನೆ ಎಂಬುದನ್ನು ಅವಳು ಯಾರೂ ಹೇಳದೆ ಗಮನಿಸಿದಳು. ಹಾಗಾಗಿ ನನಗೆ ನಿಜವಾಗಿ ಹೇಳಬೇಕಾದದ್ದೇನಾದರೂ ಇದ್ದರೆ ಓದುವ ಮೇಜಿನಿಂದ ತನ್ನ ಬಾಗುವ ಕತ್ತಿನ ಲ್ಯಾಂಪನ್ನು ತಂದು, ಊಟದ ಮೇಜಿನ ಮೇಲಿಟ್ಟು, ಪುಸ್ತಕದ ಕಡೆ ತಿರುಗಬೇಕಾದ ಅದರ ಮುಖವನ್ನು ತನ್ನ ಮುಖದ ಕಡೆಗೆ ತಿರುಗಿಸಿಕೊಳ್ಳುತ್ತಾಳೆ. ಆಮೇಲೆ ಕನ್ನಡದಲ್ಲಿ ಹೇಳುತ್ತಾಳೆ. ಕ್ರಿಯಾಪದಗಳು ಅಲ್ಲಲ್ಲಿ ತಪ್ಪುತ್ತವೆ, ನಡುನಡುವೆ ಅಮ್ಮನನ್ನು ಪದ ಕೇಳುತ್ತಾಳೆ. ಪರ್ತ್‌ನಿಂದ ಜೆಸ್ ಫೋನ್ ಮಾಡಿದ್ದು, ಹೊಸ ಗೆಳತಿಯೊಬ್ಬಳು ಸಿಕ್ಕಿದ್ದು, ಅವಳು ಜೆಸ್‌ನಷ್ಟು ಒಳ್ಳೆಯವಳಲ್ಲದಿದ್ದರೂ ಪರವಾಗಿಲ್ಲ ಎನ್ನುವುದು, ಎಲ್ಲ ನನಗೆ ಹೀಗೆಯೇ ತಿಳಿದದ್ದು.

ನೆನ್ನೆಯೂ ಮುಸ್ಸಂಜೆಗೆ ಲ್ಯಾಂಪು ತಂದಳು. ಸ್ವಿಚ್ಚು ಒತ್ತಿದಳು. ಬೆಳಕು ಅವಳ ಹಣೆ, ಮೂಗು, ತುಟಿಗಳ ಮೇಲೆ ಬಿತ್ತು. ನನ್ನ ಕೈಗಳು ಎಂದಿನಂತೆ ನನ್ನನ್ನು ಕೇಳದೆ ಎದೆಯ ಹತ್ತಿರ ಬಂದು ಜೋಡಿಸಿಕೊಂಡವು. ಫ್ರಿಜ್ಜಿಗೆ ಕೈಮುಗಿದು ನನ್ನನ್ನು ಅಣಕಿಸುತ್ತಿದ್ದ ಹುಡುಗಿ ಈಗ ನಗುವುದಿಲ್ಲ. ನಾನು ಕೈ ಇಳಿಸಿ ಅವಳ ಮುಖ ನೋಡುವವರೆಗೆ ಕಾದು, ಆಮೇಲೆ ಮಾತು ಶುರುಮಾಡುತ್ತಾಳೆ.